ಕಂಬಳಿಯ ತೂತು

ಚಳಿ ಬಿದ್ದಿತು. ನೀಲವ್ವಜ್ಜಿ ಟ್ರಂಕು ತೆರೆದು ಕಂಬಳಿಗೆ ಕೈಹಾಕಿದಾಗ ಬಟ್ಟೆಗೆ ಹುಳ ಹತ್ತದಿರಲೆಂದು ಮಗ್ಗುಲಲ್ಲಿಟ್ಟಿದ್ದ ನುಸಿಗುಳಿಗೆ ಸಿಡುಕಿತು: "ಹೊರಗೆ ಹೋದರೆ ಹಾಳಾಗುತ್ತೀಯ. ನನ್ನ ಕಾವಲಿನಲ್ಲೇ ಇರು."

ಕಂಬಳಿಗೂ ಅಳುಕಿತ್ತು, ಆದರೂ ಹೊರಟಿತು. ಅಜ್ಜಿ ಅದನ್ನು ಹೊಲದಲ್ಲಿ ಹಾಸಿ, ಎಳೆ ಜೋಳದ ತೆನೆ ಸುಟ್ಟು, ಬಿಸಿಬಿಸಿ ಸೀತನಿ ತಿಕ್ಕಿಕೊಟ್ಟಳು. ಮೊಮ್ಮಕ್ಕಳು ತಿನ್ನುತ್ತಾ ಅದರ ಮೇಲೆಯೇ ಉರುಳಾಡಿದರು. ಅಷ್ಟರಲ್ಲಿ ಕಿಡಿ ಹಾರಿ ಕಂಬಳಿ ತೂತಾಯಿತು.

"ಇರಲಿ ಬಿಡ್ರೋ, ಈ ಸಲದ ಸೀತನಿಯ ಗುರುತು," ಎಂದು ಅಜ್ಜಿ ನಕ್ಕು, ಮಕ್ಕಳನ್ನೆಲ್ಲ ಅದರೊಳಗೇ ಸುತ್ತಿಕೊಂಡಳು.

ಶಿವರಾತ್ರಿ ಕಳೆದ ಮೇಲೆ ಕಂಬಳಿ ಟ್ರಂಕಿಗೆ ಮರಳಿತು.

"ನಾನು ಹೇಳಲಿಲ್ಲವೆ? ಮೈ ನೋಡಿಕೋ!" ಎಂದಿತು ಗುಳಿಗೆ.

ದನಿ ಬಂದ ಕಡೆ ಕಂಬಳಿ ಹುಡುಕಿತು. ಗೋಲಿಯಷ್ಟಿದ್ದ ಗುಳಿಗೆ ಮೆಣಸುಕಾಳಿನಷ್ಟಾಗಿತ್ತು.

"ನಾನಂತೂ ಮೊಮ್ಮಕ್ಕಳ ಜೊತೆ ಉರುಳಾಡಿ ಸವೆದೆ. ಟ್ರಂಕು ಬಿಟ್ಟು ಕದಲದ ನೀನು ಹೇಗೆ ಸವೆದೆಯಪ್ಪಾ?"