ಕತ್ತರಿಗೆ ಸಿಕ್ಕ ಕೇಪಳ

ತಿಮ್ಮಪ್ಪಯ್ಯ ಗುರುಗಳ ಎದುರು ಕುಳಿತು ಕೇಳಿದ: "ಗುರುಗಳೇ, ಮಗಳ ಒಂದೊಂದು ತಪ್ಪನ್ನೂ ಆಗಿಂದಾಗಲೇ ತಿದ್ದಿ ಬೆಳೆಸಿದೆ. ಈಗ ಅವಳು ನನ್ನೊಡನೆ ಮಾತೇ ಆಡುವುದಿಲ್ಲ. ಮನೆ ಬಿಕೋ ಎನ್ನುತ್ತದೆ. ನಾನು ಎಲ್ಲಿ ಎಡವಿದೆ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ ಹೊಸ ಮನೆ ಕಟ್ಟಿಸಿ, ಅಂಗಳದ ದಾರಿಯ ಎರಡೂ ಬದಿಗೆ ಗಿಡ್ಡ ಜಾತಿಯ ಕೇಪಳ ನೆಡಿಸಿದ. ವರ್ಷವಿಡೀ ಹಸಿರು, ಗೊಂಚಲು ಗೊಂಚಲು ಕೆಂಪು ಹೂ. ಮೊಣಕಾಲಿಗಿಂತ ಹೆಚ್ಚು ಎತ್ತರ ಹೋಗುವ ಗಿಡವೂ ಅಲ್ಲ. ಮೊದಲ ಹೂ ದೇವಿಗೆ ಎಂದು ಅವನ ತಾಯಿ ಹರಕೆ ಹೊತ್ತಿದ್ದಳು. ಅದನ್ನು ಸಲ್ಲಿಸಿಯೇ ಕಣ್ಣು ಮುಚ್ಚುತ್ತೇನೆ ಎನ್ನುತ್ತಿದ್ದಳು.

ವ್ಯಾಪಾರಿಯದು ಅಂಗಡಿಯಲ್ಲಿ ಪಳಗಿದ ಕೈ. ಬಟ್ಟೆಯ ಅಂಚಿನಲ್ಲಿ ಒಂದು ಎಳೆ ಜೋತುಬಿದ್ದರೂ ಕತ್ತರಿಸದೆ ಬಿಟ್ಟವನಲ್ಲ. ಗಿಡದಲ್ಲಿ ಚಿಗುರೊಂದು ತಲೆ ಎತ್ತಿದರೆ ಅದೂ ಅವನಿಗೆ ಎಳೆಯೇ. ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವ ಮೊದಲು ಉದ್ದಕ್ಕೂ ದಾರ ಕಟ್ಟಿ, ಕತ್ತರಿ ಹಿಡಿದು ಸಮ ಮಾಡುತ್ತಿದ್ದ. ದಾರಿಹೋಕರು ಹೊಗಳಿ ಅಟ್ಟಕ್ಕೇರಿಸಿದರು. ಅವನೂ ಏರಿ ಕುಳಿತ. ಎರಡು ವರ್ಷ ಕಳೆದರೂ ಒಂದು ಹೂವೂ ಬಿಡಲಿಲ್ಲ. ತಾಯಿ ಹಾಸಿಗೆ ಹಿಡಿದಳು.

ವ್ಯಾಪಾರಿಗೆ ಸಿಟ್ಟು ನೆತ್ತಿಗೇರಿತು. ಗಿಡ ಮಾರಿದ ಹೆಂಗಸನ್ನು ಕರೆಸಿ, ಹೂ ಬಿಡದ ಗಿಡ ಕೊಟ್ಟು ಮೋಸ ಮಾಡಿದೆ ಎಂದು ರೇಗಿದ. ಅವಳು ನೆಲದಲ್ಲಿ ಬಿದ್ದಿದ್ದ ಕುಡಿಯೊಂದನ್ನು ಎತ್ತಿ ಉಗುರಿನಿಂದ ಬಿಡಿಸಿದಳು. ಒಳಗೆ ಸಾಸಿವೆಯಷ್ಟು ಸಣ್ಣ ಮೊಗ್ಗುಗಳು ಒತ್ತೊತ್ತಾಗಿ ಕುಳಿತಿದ್ದವು.

"ಎಂತ ಮಾಡಿದ್ದು ಧಣಿ ನೀವು? ಇದರ ಹೂ ಬರುವುದೇ ತುದಿಯಲ್ಲಿ. ನೀವು ದಿನಾ ತೆಗೆದು ಬಿಸಾಡಿದ್ದು ಅದನ್ನೇ."

ತಾಯಿ ಮಲಗಿದ್ದ ಕೋಣೆಯ ಕಡೆ ನೋಡಲು ವ್ಯಾಪಾರಿಗೆ ಧೈರ್ಯ ಬರಲಿಲ್ಲ. ತುಂಬ ದುಃಖವಾಯಿತು.

ಗುರುಗಳು ಮುಂದಿನದನ್ನು ಹೇಳಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ತಿಮ್ಮಪ್ಪಯ್ಯ ನಡುವೆ ಬಾಯಿ ಹಾಕಿದ: "ಅವನು ಮಾಡಿದ್ದು ತಪ್ಪು, ಗುರುಗಳೇ. ಕೇಪಳವನ್ನು ಸವರುವುದಿದ್ದರೆ ಹೂ ಬಾಡಿದ ಮೇಲೆ ಸವರಬೇಕು. ಅಷ್ಟೂ ತಿಳಿಯದೇ ಅವನಿಗೆ?"

ಗುರುಗಳು ಅವನನ್ನೇ ನೋಡಿ ಹೇಳಿದರು: "ಕತೆ ಇನ್ನೂ ಮುಗಿದಿರಲಿಲ್ಲ, ತಿಮ್ಮಪ್ಪಯ್ಯ. ಮಗಳ ಒಂದು ಮಾತನ್ನಾದರೂ ಮುಗಿಯುವವರೆಗೆ ಕೇಳಿದ್ದೀಯಾ?"