ಆಯುಧಪೂಜೆಗೆ ಇಳಿದ ಡಿಗ್ರಿ

ತಿಪಟೂರಿನ ಷಡಕ್ಷರಪ್ಪನವರು ಎಂ.ಎ. ಪಾಸಾದವರು. ಹೊಟ್ಟೆಗೆ ಅನ್ನ ಹಾಕುತ್ತಿದ್ದದ್ದು ಮಾತ್ರ ಅವರಪ್ಪ ಬಿಟ್ಟುಹೋದ ಹಿಟ್ಟಿನ ಗಿರಣಿ. ಒಂದು ದಿನ ಮಗಳು ಶಾಂಭವಿ, "ಅಪ್ಪಾಜಿ, ಪಿಯುಸಿ ಆದ್ಮೇಲೆ ನಾನು ಕಾಲೇಜಿಗೆ ಹೋಗಲ್ಲ. ಗಿರಣಿ ನೋಡ್ಕೋತೀನಿ" ಅಂದಳು.

ಅಪ್ಪಾಜಿ ಕೆಂಡವಾದರು. ಗೋಡೆಯ ಮೇಲೆ ಗಾಜು ಹಾಕಿಸಿ ತೂಗುಹಾಕಿದ್ದ ತಮ್ಮ ಡಿಗ್ರಿ ತೋರಿಸಿ ಗುಡುಗಿದರು. "ಈ ಮನೆಗೆ ಅನ್ನ ಹಾಕ್ತಿರೋದು ಅದು ಕಣೇ! ಡಿಗ್ರಿ ಇಲ್ಲದೋರನ್ನ ನಾಯಿನೂ ಮೂಸಿ ನೋಡಲ್ಲ!"



ಆಯುಧಪೂಜೆ ಬಂತು. ಅನ್ನ ಕೊಡುವ ಸಾಮಾನಿಗೆಲ್ಲ ಕುಂಕುಮ ಹಚ್ಚುವ ದಿನ. ಷಡಕ್ಷರಪ್ಪನವರು ಮಡಿಯುಟ್ಟು ಗಿರಣಿಗೆ ಬಂದರೆ ಮಿಷನ್ನು ಬೋಳು ಬೋಳು! ಪಕ್ಕದ ಸ್ಟೂಲಿನ ಮೇಲೆ ಅವರ ಡಿಗ್ರಿ ಕೂತಿತ್ತು. ಗಾಜಿಗೆ ಮೂರು ಬೆರಳು ವಿಭೂತಿ, ಮೇಲೊಂದು ಚೆಂಡುಹೂವಿನ ಹಾರ, ಮುಂದೆ ಒಡೆಯೋಕೆ ಬೂದುಗುಂಬಳ.

"ಅಯ್ಯೋ ಶಾಂಭವಿ, ಮಿಷನ್ನಿಗೆ ಪೂಜೆ ತಪ್ಪಿಸ್ತಾರೇನೇ? ಅದು ಕೈ ಕೊಟ್ರೆ ನಾವೆಲ್ಲ ಮಣ್ಣು ತಿನ್ಬೇಕಾಗುತ್ತೆ!"

"ಅನ್ನ ಹಾಕೋದು ಇದೇ ಅಂದಿದ್ರಲ್ಲ, ಅಪ್ಪಾಜಿ?"

ಷಡಕ್ಷರಪ್ಪನವರು ಡಿಗ್ರಿಯ ಕೊರಳಿನ ಹಾರ ಕಿತ್ತು, ತಾವೇ ಮಿಷನ್ನಿಗೆ ಹಾಕಿ ಕೈ ಮುಗಿದರು. ಆಮೇಲೆ ಮಗಳ ಮುಖ ನೋಡದೆ, "ತಗೊಳ್ಳೇ, ಗಿರಣಿ ಬೀಗದಕೈ ಇನ್ನು ನೀನೇ ಇಟ್ಕೋ" ಅಂದರು.

ಆರತಿ ತಟ್ಟೆ ಹಿಡಿದು ಬಂದ ಹೆಂಡತಿ ಸ್ಟೂಲಿನ ಕಡೆ ನೋಡಿದರು.

"ರೀ, ಇದನ್ನ ಮತ್ತೆ ಮೊಳೆಗೆ ತಗಲಾಕ್ಲಾ? ಇಲ್ಲ, ಇದೂ ರಾಗಿಗೀಗಿ ಬೀಸುತ್ತಾ?"