ನೊರೆಯ ಕೆಳಗೆ ಎಷ್ಟಿದೆ

ಚೆನ್ನವೀರಯ್ಯ ಮೇಷ್ಟ್ರು ಮೂವತ್ತು ವರ್ಷ ಅಳತೆಯ ಉಪಕರಣಗಳ ಪಾಠ ಹೇಳಿದವರು. ನಿವೃತ್ತರಾದ ಮೇಲೆ ಹೊಳೆಯ ದಂಡೆಯಲ್ಲಿ ಒಂದು ಚಿಕ್ಕ ಮನೆ ಮಾಡಿಕೊಂಡಿದ್ದರು.

ಒಂದು ಬೆಳಿಗ್ಗೆ ಅವರ ಹಳೆಯ ಶಿಷ್ಯೆ ದಾಕ್ಷಾಯಿಣಿ ಬಂದಳು. ಹೊಳೆಯ ಮೇಲ್ಭಾಗದ ಹಾಲಿನ ಡೇರಿಯಲ್ಲಿ ಅವಳು ಇಂಜಿನಿಯರ್.

"ಸರ್, ತೊಳೆದ ನೀರು ಸೇರುವ ಸಂಪು ಎರಡು ಸಲ ಉಕ್ಕಿತು. ಎರಡು ಸಲವೂ ಹೊಳೆಗೇ ಹೋಯಿತು. ಇನ್ನೊಮ್ಮೆ ಹಾಗಾದರೆ ಕೆಳಗಿನ ಜನ ಏನು ಕುಡಿಯಬೇಕು?"

"ಸಂಪು ತುಂಬಿತು ಅಂತ ಪಂಪಿಗೆ ಯಾರು ಹೇಳಬೇಕಿತ್ತು?"

"ಸೆನ್ಸರ್. ಮೊದಲು ತೇಲುವ ಬುರುಡೆ ಹಾಕಿದೆ. ಜಿಡ್ಡು ಮೆತ್ತಿ ಕೆಳಗೇ ಅಂಟಿಕೊಂಡಿತು. ಆಮೇಲೆ ಮೇಲಿನಿಂದ ಶಬ್ದ ಕಳಿಸಿ ಅಳೆಯುವುದನ್ನು ತಂದೆ. ನೊರೆ ಆ ಶಬ್ದವನ್ನೇ ನುಂಗಿಬಿಟ್ಟಿತು."

"ಹಾಕುವ ಮೊದಲು ಪರೀಕ್ಷೆ ಮಾಡಿದೆಯಾ?"

"ಮಾಡಿದೆ ಸರ್. ಆಫೀಸಿನಲ್ಲಿ, ಒಂದು ಬಕೆಟ್ ಕೊಳಾಯಿ ನೀರಿನಲ್ಲಿ. ಕೂದಲೆಳೆಯಷ್ಟೂ ತಪ್ಪಲಿಲ್ಲ."

"ಹಾಗಾದರೆ ಅದನ್ನು ಆ ಬಕೆಟ್ಟಿಗೇ ಹಾಕಬೇಕಿತ್ತು."

ದಾಕ್ಷಾಯಿಣಿಗೆ ನಗುವೂ ಬಂತು, ಅಳುವೂ ಬಂತು.

"ಈ ಸಲ ಯಾವುದು ತರಲಿ, ನೀವೇ ಹೇಳಿಬಿಡಿ ಸರ್."

"ಮೊದಲು ಸಂಪಿನ ನೀರನ್ನೇ ಒಂದು ಬಕೆಟ್ ತಗೊಂಡು ಬಾ."

ಮಧ್ಯಾಹ್ನ ಅವಳು ತಂದಳು. ಮೇಲೆ ಗೇಣುದ್ದ ನೊರೆ. ಅದರ ಕೆಳಗೆ ಜಿಡ್ಡು. ಹುಳಿ ವಾಸನೆ.

ಮೇಷ್ಟ್ರು ಹಿತ್ತಲಿಗೆ ಹೋಗಿ ಪಪ್ಪಾಯಿ ಎಲೆಯ ದಂಟೊಂದನ್ನು ಮುರಿದರು. ಟೊಳ್ಳು ದಂಟು. ಎರಡೂ ತುದಿ ಕತ್ತರಿಸಿ ಅವಳ ಕೈಗಿಟ್ಟರು.

"ಊದು. ಹೀರಬೇಡ ಮತ್ತೆ."

ಅವಳು ದಂಟಿನ ತುದಿಯನ್ನು ನೊರೆಯಲ್ಲಿಟ್ಟು ಊದಿದಳು.

"ಏನೂ ಅನ್ನಿಸಲಿಲ್ಲ ಸರ್."

"ಇನ್ನೂ ಕೆಳಗೆ."

"ಈಗ ಸ್ವಲ್ಪ ಬಿಗಿ."

"ತಳದ ಹತ್ತಿರ."

ಅವಳ ಕೆನ್ನೆ ಉಬ್ಬಿತು. ನೀರು ಗುಳುಗುಳು ಎಂದಿತು.

"ಎಷ್ಟು ಆಳ ಅಂತ ಯಾರು ಹೇಳಿದರು?"

"ನನ್ನ ಕೆನ್ನೆ."

"ನೊರೆ ಏನು ಹೇಳಿತು?"

"ಅದು ಲೆಕ್ಕಕ್ಕೇ ಬರಲಿಲ್ಲ."

"ಜಿಡ್ಡು ದಂಟಿನ ಬಾಯಿ ಕಟ್ಟಲಿಲ್ಲವಾ?"

"ಊದುತ್ತಲೇ ಇದ್ದೆನಲ್ಲ ಸರ್, ಎಲ್ಲಿಂದ ಕಟ್ಟಬೇಕು..."

ಅವಳು ದಂಟನ್ನು ತಿರುಗಿಸಿ ನೋಡಿದಳು.

"ಸಂಪಿನೊಳಗೆ ಬರೀ ಒಂದು ಕೊಳವೆ. ಅದರಲ್ಲಿ ಸದಾ ಸ್ವಲ್ಪ ಗಾಳಿ ಊದುತ್ತಿರಬೇಕು. ನೀರು ಏರಿದಷ್ಟೂ ಗಾಳಿ ಬಿಗಿ. ಒತ್ತಡ ಅಳೆಯುವ ಮೀಟರು ಮೇಲೆ, ಒಣ ಜಾಗದಲ್ಲಿ. ಅಲ್ಲವಾ ಸರ್?"

ಮೇಷ್ಟ್ರು ಆಗಲೇ ಒಳಗೆ ಹೋಗಿಯಾಗಿತ್ತು.

ದಾಕ್ಷಾಯಿಣಿ ಸಂಪಿಗೆ ಕೊಳವೆ ಇಳಿಸಿ, ಮೀಟರನ್ನು ಪಂಪಿಗೆ ಜೋಡಿಸಿದಳು. ಈ ಸಲ ಬಕೆಟ್ಟನ್ನು ನಂಬಲಿಲ್ಲ. ಮೂರು ದಿನ ಸಂಪಿನ ಪಕ್ಕದಲ್ಲೇ ಕೂತು, ಬಿದಿರಿನ ಗಳ ಇಳಿಸಿ ಆಳ ಅಳೆದು, ಮೀಟರಿನ ಜೊತೆ ತಾಳೆ ನೋಡಿದಳು.

ನಾಲ್ಕನೆಯ ದಿನ ದೊಡ್ಡ ಟ್ಯಾಂಕುಗಳನ್ನೆಲ್ಲ ಒಟ್ಟಿಗೆ ತೊಳೆದರು. ನೊರೆ ಸಂಪಿನ ಅಂಚಿಗೆ ಬಂತು. ಅದರ ಕೆಳಗೆ ನೀರು ಏರಿತು. ಪಂಪು ತಾನಾಗಿಯೇ ಶುರುವಾಯಿತು. ಒಂದು ಹನಿಯೂ ಹೊರಗೆ ಹೋಗಲಿಲ್ಲ.

ತಿಂಗಳು ಕಳೆದು ಅವಳು ಮತ್ತೆ ಬಂದಳು. ಮೇಷ್ಟ್ರು ಹೊಳೆಯ ಮರಳಿನಲ್ಲಿ ತೋಡಿದ ಒರತೆಯಿಂದ ಕೊಡಕ್ಕೆ ನೀರು ತುಂಬುತ್ತಿದ್ದರು.

ಅವಳು ಕೈ ಮುಗಿದಳು.

"ಸರ್, ನೀವಿಲ್ಲದಿದ್ದರೆ..."

ಮೇಷ್ಟ್ರು ಕೊಡ ಕೆಳಗಿಟ್ಟರು. ಒದ್ದೆ ಕೈಗಳನ್ನು ಪಂಚೆಗೆ ಒರೆಸಿಕೊಂಡು ಅವರೂ ಕೈ ಮುಗಿದರು.

"ಅಯ್ಯೋ, ನೀವ್ಯಾಕೆ ಸರ್?"

"ನಾನು ಕುಡಿಯೋದು ಇದೇ ನೀರಮ್ಮ."